ಇಲ್ಲದ ರಿಪೋರ್ಟ್

ಮೊದಲು ಗೊತ್ತಾಗಿದ್ದು ಸೀರೆಯ ನೆರಿಗೆಯಿಂದ. ಏಳು ಬರುತ್ತಿದ್ದದ್ದು ಐದಕ್ಕೆ ಇಳಿದಿತ್ತು. ಅಂಗಡಿಯವನು ಅಳತೆಯಲ್ಲಿ ಮೋಸ ಮಾಡಿದ್ದಾನೆ ಎಂದು ನನ್ನ ಹೆಂಡತಿ ಸರೋಜ ಬೈದಳು. ಹಳೆ ಸೀರೆಯಲ್ಲೂ ಐದೇ ಬಂದವು. ಕೈಕಾಲು ಕಡ್ಡಿಯಾಗಿದ್ದವು, ಹೊಟ್ಟೆ ಮಾತ್ರ ಬೆಳೆಯುತ್ತಿತ್ತು.

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿದೆವು.

ಮೂರು ಗಡ್ಡೆ.

"ಹದಿನಾರು ವರ್ಷದ ಹಿಂದೆ ಓವರಿಯ ಗಡ್ಡೆ ತೆಗೆದಿದ್ದಾರಲ್ಲ, ಆ ಬಯಾಪ್ಸಿ ರಿಪೋರ್ಟ್ ಬೇಕು," ಎಂದರು ಡಾಕ್ಟರು.

"ಮನೇಲಿದೆ ಡಾಕ್ಟ್ರೇ. ನಾರ್ಮಲ್ ಅಂತ ಬಂದಿತ್ತು. ತರ್ತೀವಿ," ಎಂದಳು ಸರೋಜ.

ಆ ರಿಪೋರ್ಟ್ ಇಲ್ಲವೇ ಇಲ್ಲ.

ಆಗ ತೆಗೆದ ಗಡ್ಡೆಯನ್ನು ಬಾಟಲಿಯಲ್ಲಿ ಹಾಕಿ ನನ್ನ ಕೈಗೇ ಕೊಟ್ಟಿದ್ದರು. ಲ್ಯಾಬಿಗೆ ನಾವೇ ಒಯ್ಯಬೇಕಿತ್ತು. "ಹೆಣ್ಣಿನ ಒಡಲಿಂದು ಮಾರಾಯ, ಬಸ್ಸಲ್ಲಿ ಹಿಡ್ಕೊಂಡು ಹೋಗ್ತೀಯಾ? ಮಣ್ಣು ಮಾಡಿ ಬಾ," ಎಂದಳು ಅಮ್ಮ. ಹೊಳೆದಂಡೆಯಲ್ಲಿ ಅರಿಶಿನ ಕುಂಕುಮ ಹಾಕಿ ಹೂತೆ. ತಪ್ಪನ್ನು ಅಮ್ಮನ ಮೇಲೆ ಹಾಕಿ ಜಾರಿಕೊಳ್ಳಲಾರೆ. ಆ ಬಾಟಲಿ ಮುಟ್ಟಲು ನನಗೂ ಹೇಸಿಗೆಯಾಗಿತ್ತು. ವಾರ ಬಿಟ್ಟು, ರಿಪೋರ್ಟ್ ತಂದಿಟ್ಟಿದ್ದೇನೆ, ಏನೂ ಇಲ್ಲವಂತೆ ಎಂದು ಸರೋಜಳಿಗೆ ಹೇಳಿದೆ. ಕೊನೆಗೆ ನಾನೂ ಅದನ್ನೇ ನಂಬಿಬಿಟ್ಟಿದ್ದೆ.

ಶಿವಮೊಗ್ಗದಿಂದ ಕ್ವಾರ್ಟರ್ಸಿನ ಮನೆಗೆ ಬಂದವಳೇ ಸರೋಜ ಟ್ರಂಕ್ ತೆರೆದಳು. ರೇಷನ್ ಕಾರ್ಡು, ಮಕ್ಕಳ ಮಾರ್ಕ್ಸ್ ಕಾರ್ಡು ಎಲ್ಲ ನೆಲದ ಮೇಲೆ. ಹೊಟ್ಟೆ ಹಿಡಿದುಕೊಂಡು ಮಂಚದಡಿ ಬಗ್ಗಿ ನೋಡಿದಳು. ಎರಡು ದಿನ ಹುಡುಕಿದಳು. "ನಾನೇ ಎಲ್ಲೋ ಕಳ್ದುಬಿಟ್ಟೆ ಕಣ್ರೀ. ನನ್ ಬುದ್ಧಿಗೆ ಏನ್ ಹೇಳ್ಬೇಕು," ಎಂದು ಅತ್ತಳು. ನಿಂತು ನೋಡುತ್ತಿದ್ದ ನನಗೆ ನನ್ನ ಮೇಲೇ ಅಸಹ್ಯ ಹುಟ್ಟಿತು.

ಹೇಳಿಬಿಟ್ಟೆ.

ಕಾಗದಗಳನ್ನೆಲ್ಲ ಒಂದೊಂದಾಗಿ ಟ್ರಂಕಿಗೆ ಸೇರಿಸಿದಳು. "ಈ ಸಲ ಬಾಟ್ಲಿ ನನ್ ತಮ್ಮನ ಕೈಗೆ ಕೊಡ್ಲಿ," ಎಂದಳು.

ಆಪರೇಷನ್ ಐದು ಗಂಟೆ ಹಿಡಿಯಿತು. ನರ್ಸ್ ಹೊರಗೆ ಬಂದು "ಸರೋಜಮ್ಮನ ಕಡೆಯವ್ರು ಯಾರು?" ಎಂದಾಗ ಎದ್ದೆ, ಮತ್ತೆ ಕೂತೆ. ಅವಳ ತಮ್ಮ ಶೇಖರ ಬಾಟಲಿ ತೆಗೆದುಕೊಂಡು ಹೋದ.

ರಿಪೋರ್ಟ್ ಬಂತು: ಗ್ರಾನ್ಯುಲೋಸಾ ಸೆಲ್ ಟ್ಯೂಮರ್, ಓವರಿಯ ಒಂದು ಬಗೆಯ ಕ್ಯಾನ್ಸರ್. ಅಪರೂಪದ್ದು, ಎಷ್ಟೋ ವರ್ಷ ತಣ್ಣಗಿದ್ದು ಮತ್ತೆ ಏಳುವಂಥದ್ದು. "ಆವಾಗ್ಲೇ ಗೊತ್ತಾಗಿದ್ರೆ?" ಎಂದು ಡಾಕ್ಟರನ್ನು ಕೇಳಿದೆ.

"ವರ್ಷಾ ವರ್ಷಾ ನೋಡ್ತಿದ್ವಿ. ಇಷ್ಟು ಬೆಳೆಯೋಕೆ ಬಿಡ್ತಿರ್ಲಿಲ್ಲ."

ಕಂಡದ್ದನ್ನೆಲ್ಲ ತೆಗೆದಿದ್ದಾರೆ, ಮತ್ತೆ ಬರಲೂಬಹುದು. ಬದುಕಿದ್ದಾಳೆ, ಅದೇ ದೊಡ್ಡದು. ಆರು ತಿಂಗಳಿಗೊಮ್ಮೆ ಸ್ಕ್ಯಾನ್. ಈಗ ಡಾಕ್ಟರ ಬಳಿ ಒಬ್ಬಳೇ ಒಳಗೆ ಹೋಗುತ್ತಾಳೆ. ಮೊನ್ನೆ ಹೊರಗೆ ಬಂದವಳನ್ನು "ಏನಂದ್ರು?" ಎಂದು ಕೇಳಿದೆ.

"ಸದ್ಯಕ್ಕೆ ತೊಂದ್ರೆ ಇಲ್ವಂತೆ," ಎನ್ನುತ್ತಾ ರಿಪೋರ್ಟಿನ ಕವರನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದಳು.

ತೋರಿಸು ಎನ್ನಲು ನನಗೆ ಬಾಯಿ ಬರಲಿಲ್ಲ. ಅವಳು ಹೇಳಿದ್ದನ್ನು ನಂಬುವ ಸರದಿ ಈಗ ನನ್ನದು.