ಕಾಣಲಿಲ್ಲ ಎಂದವನಿಗೆ ಹಳದಿ ಕೋಟು

ಆ ದಿನ ನನ್ನ ಮೈಮೇಲೆ ಏನಿತ್ತು ಎಂಬುದನ್ನು ಮೊದಲು ಬರೆಯುತ್ತೇನೆ. ಬೂದು ಚೂಡಿದಾರ. ಶಾಲು ಸೈಕಲ್ಲಿನ ಚಕ್ರಕ್ಕೆ ಸಿಗದ ಹಾಗೆ ಪಿನ್ನು ಹಾಕಿ ಸೊಂಟಕ್ಕೆ ಕಟ್ಟಿದ್ದೆ. ಮೇಲೆ ಕಪ್ಪು ಮಳೆಕೋಟು, ಕಾಲಿಗೆ ಪ್ಲಾಸ್ಟಿಕ್ ಚಪ್ಪಲಿ. ಕ್ಯಾರಿಯರಿನ ಚೀಲದಲ್ಲಿ ಶಾಲೆಗೆ ಹೋಗಿ ಉಡುವ ಸೀರೆ, ಮೈ ಒರೆಸಲು ಬೈರಾಸು, ಬುತ್ತಿ, ರಕ್ತ ಹೀರುವ ಉಂಬುಳ ಕಾಲಿಗೆ ಹತ್ತಿದರೆ ಬೇಕೆಂದು ಉಪ್ಪಿನ ಪೊಟ್ಟಣ. ಮಳೆ ಇರಲಿಲ್ಲ, ಮೋಡ ಇತ್ತು. ಬೆಳಿಗ್ಗೆ ಎಂಟೂಕಾಲು.

ನೆಟ್ಟಣ ಸ್ಟೇಷನ್ನಿನಿಂದ ರೈಲಿನ ಜನರನ್ನು ದೇವಸ್ಥಾನಕ್ಕೆ ತುಂಬಿಸಿಕೊಂಡು ಹೋಗುವ ಜೀಪು ಹಿಂದಿನಿಂದ ಹಾರ್ನ್ ಹೊಡೆಯಿತು. ಎಡಕ್ಕೆ ಸರಿದೆ. ಇನ್ನೊಮ್ಮೆ ಹೊಡೆಯಿತು. ಡಾಮರಿನ ಅಂಚಿಗೆ ಸರಿದೆ. ಅಲ್ಲಿಂದಾಚೆ ಚರಂಡಿ. ಜೀಪಿನ ಕನ್ನಡಿ ನನ್ನ ಬಲ ಮೊಣಕೈಗೆ ಬಡಿಯಿತು. ಚರಂಡಿಯ ಕೆಸರಿನಿಂದ ತಲೆಯೆತ್ತುವಾಗ ಜೀಪು ತಿರುವು ದಾಟಿತ್ತು.

ಮೂಳೆ ಬಿರುಕು ಬಿಟ್ಟಿತ್ತು. ಆರು ವಾರ ಪ್ಲಾಸ್ಟರು. ಡ್ರೈವರು ದಿನಾ ಕಂಡು ತಲೆಯಾಡಿಸುವ ಪರಿಚಯದವನೇ. ಮೂರನೇ ದಿನ ಒಂದು ಗೊನೆ ಕದಳಿ ಹಣ್ಣು ಹಿಡಿದುಕೊಂಡು ಮನೆಗೆ ಬಂದ. ಮಾತುಕತೆಗೆಂದು ಜೀಪ್ ಸ್ಟ್ಯಾಂಡಿನ ಹೋಟೆಲಿನವರನ್ನೂ ಕರೆತಂದಿದ್ದ.

"ಕಪ್ಪು ಕೋಟು ಅಲ್ವಾ ಟೀಚರ್, ನನಗೆ ಕಾಣಲೇ ಇಲ್ಲ."

"ಕಾಣದೆ ಹಾರ್ನ್ ಹೊಡೆದದ್ದು ಯಾರಿಗೆ?"

"ಅದು ದನಕ್ಕೆ."

"ದನ ಎಲ್ಲಿತ್ತು?"

ಹೋಟೆಲಿನವರು ನಡುವೆ ಬಂದರು. "ಬಿಡಿ ಟೀಚರ್, ಬೇಕೂಂತ ಮಾಡಿದ್ದಲ್ಲ. ಈ ಪ್ರಾಯದಲ್ಲಿ ನಿಮಗೂ ಸೈಕಲ್ ಎಂತಕ್ಕೆ? ಸ್ಕೂಟಿ ತಗೊಳ್ಳಿ ಮಾರಾಯ್ರೆ."

ಕಂಡಿತ್ತು, ತಪ್ಪಾಯಿತು ಎಂದಿದ್ದರೆ ಅಲ್ಲಿಗೇ ಬಿಡುತ್ತಿದ್ದೆ. ಆ ಒಂದು ಮಾತನ್ನು ಅವನ ಬಾಯಿಯಿಂದಲೇ, ನಾಲ್ಕು ಜನರ ಎದುರು ಹೊರಡಿಸಬೇಕು ಎಂದು ಅವತ್ತೇ ನಿಶ್ಚಯಿಸಿದೆ. ಹಣ್ಣನ್ನು ಪಕ್ಕದ ಮನೆಯ ದನಕ್ಕೆ ಹಾಕಿದೆ.

ಕೈ ಸರಿಯಾದ ಮೇಲೆ ಪುತ್ತೂರಿಗೆ ಹೋಗಿ ಹಳದಿ ಮಳೆಕೋಟು ತಂದೆ. ಅದರ ಬೆನ್ನಿಗೂ ಚೀಲಕ್ಕೂ ಹೊಳೆಯುವ ಪಟ್ಟಿ ಹೊಲಿದೆ. ಹೆಲ್ಮೆಟ್ಟು ಕೆಂಪು. ಸೀಟಿನ ಕೆಳಗೆ ಮಿಣುಕುವ ದೀಪ, ಹ್ಯಾಂಡಲಿಗೆ ಕನ್ನಡಿ. ಬಿದ್ದ ಮೇಲೆ ಬುದ್ಧಿ ಬಂತು ಎಂದು ಸಹೋದ್ಯೋಗಿಗಳು ಮೆಚ್ಚಿದರು. ಬಿಸಿಲಲ್ಲೂ ಕೋಟು ಬಿಚ್ಚಲಿಲ್ಲ. ಒಳಗೆ ಬೆವರಿ ತೊಯ್ಯುತ್ತಿದ್ದೆ, ಬೈರಾಸು ಒಂದು ಸಾಲದೆ ಎರಡು ಇಟ್ಟುಕೊಂಡೆ.

ಹೊರಡುವ ಹೊತ್ತನ್ನು ರೈಲಿಗೆ ಸರಿಯಾಗಿ ಹೊಂದಿಸಿದೆ. ಸೇತುವೆಯಿಂದ ಶಾಲೆಯ ಗೇಟಿನವರೆಗೆ ಏರು, ರಸ್ತೆ ಕಿರಿದು. ಕನ್ನಡಿಯಲ್ಲಿ ಅವನ ಜೀಪು ಕಂಡ ಕೂಡಲೇ ರಸ್ತೆಯ ನಡುವಿಗೆ ಬರುತ್ತಿದ್ದೆ. ಅವನು ಹಾರ್ನ್ ಹೊಡೆಯುತ್ತಲೇ ಇರುತ್ತಿದ್ದ. ಆದರೂ ಸರಿಯಲಿಲ್ಲ. ಬೇರೆ ಗಾಡಿಗಳಿಗೆಲ್ಲ ಸೈಡ್ ಕೊಟ್ಟೆ.

ಒಂಬತ್ತನೇ ದಿನ ಜೀಪಿನೊಳಗಿಂದ ಯಾರೋ ಕೂಗಿದರು: "ರೋಡು ನಿಮ್ಮ ಅಪ್ಪಂದಾ? ನಮಗೆ ಪೂಜೆಗೆ ತಡ ಆಗ್ತದೆ!"

ಇಳಿದೆ. ಸೈಕಲ್ಲನ್ನು ಅಡ್ಡ ನಿಲ್ಲಿಸಿ ಡ್ರೈವರನ ಬಳಿ ಹೋದೆ.

"ಈಗ ಕಾಣ್ತೇನಾ?"

"ಕಾಣ್ತೀರಿ."

"ಆವತ್ತು?"

ಅವನು ಸ್ಟಿಯರಿಂಗ್ ನೋಡುತ್ತಾ ಕೂತ. ಎದುರು ಸೀಟಿನ ಮುದುಕಿ ಅವನ ಭುಜ ತಟ್ಟಿದರು. "ಎಂತ ಕೇಳುದು ಅವರು? ಹೇಳಿ ಮುಗಿಸು ಮಾರಾಯ."

"ಕಂಡಿತ್ತು ಟೀಚರ್. ಇನ್ನೊಂದು ಟ್ರಿಪ್ಪಿನ ಅವಸರ. ನೀವು ಚರಂಡಿಗೆ ಇಳೀತೀರಿ ಅಂತ ಎಣಿಸಿದೆ."

ಅದನ್ನು ಕೇಳಿದರೆ ಮನಸ್ಸು ತಣ್ಣಗಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಅವನು ನನ್ನನ್ನು ಕಂಡಿದ್ದ, ಚರಂಡಿಗೆ ಇಳಿಯಬೇಕಾದವಳು ಎಂದೇ ಕಂಡಿದ್ದ.

"ಹಿಂದಿನವರಿಗೆ ಕೇಳಲಿಲ್ಲ, ದೊಡ್ಡಕೆ ಹೇಳು" ಎಂದೆ.

ಹೇಳಿದ. ನಾನು ಸೈಕಲ್ ಹತ್ತಲಿಲ್ಲ. ಗೇಟಿನವರೆಗೂ ರಸ್ತೆಯ ನಡುವೆಯೇ, ತಳ್ಳಿಕೊಂಡು ನಡೆದೆ. ಜೀಪು ಫಸ್ಟ್ ಗೇರಿನಲ್ಲಿ ಹಿಂದೆ ಬಂತು.