ಈಲಿ ತರುವ ಮುನಿಆಂಜಿನಪ್ಪ

ಬೆಳಗಿನ ಐದೂವರೆ. ಯಶವಂತಪುರದಲ್ಲಿ ಮೊಹಮ್ಮದ್ ಅವರ ಮಾಂಸದಂಗಡಿಯ ಮುಂದೆ ಮುನಿಆಂಜಿನಪ್ಪ ಸೈಕಲ್ ಹಿಡಿದು ನಿಂತಿದ್ದಾರೆ. ಕ್ಯಾರಿಯರ್ ಮೇಲೆ ತಗಡಿನ ಪೆಟ್ಟಿಗೆ, ಅದರ ತುಂಬ ಪುಡಿ ಮಾಡಿದ ಐಸು.

"ಏನ್ ಆಂಜಿನಪ್ಪ, ನಿಮ್ ಡಾಕ್ಟ್ರು ದಿನಾ ಈಲಿ ಸಾರೇನಾ ಉಣ್ಣೋದು?" ಮೊಹಮ್ಮದ್ ಬಿಸಿ ಆರದ ಕುರಿಯ ಈಲಿಯನ್ನು, ಅಂದರೆ ಯಕೃತ್ತನ್ನು, ಡಬ್ಬಿಗೆ ಹಾಕುತ್ತಾರೆ.

"ಉಣ್ಣಲ್ಲ ಸಾಬ್ರೆ, ಅರೀತಾರೆ."

ಹೆಬ್ಬಾಳದ ಪ್ರಯೋಗಶಾಲೆಗೆ ಅರ್ಧ ಗಂಟೆಯ ದಾರಿ. ರಾಜಾನುಕುಂಟೆಯ ಈ ಅಟೆಂಡರ್ ಒಂಬತ್ತು ವರ್ಷದಿಂದ ಹೀಗೆ ತುಳಿಯುತ್ತಿದ್ದಾರೆ. ಇವರು ತಂದ ಈಲಿಯಿಂದ ಮೂವರು ಡಾಕ್ಟರೇಟ್ ಪಡೆದರು. ಒಬ್ಬರ ಪ್ರಬಂಧದಲ್ಲೂ ಇವರ ಹೆಸರಿಲ್ಲ. ನಾಚಿಕೆಯಾಗಬೇಕು.

ಈಲಿಯ ಪ್ರತಿ ಜೀವಕೋಶದಲ್ಲೂ ಬರಿಗಣ್ಣಿಗೆ ಕಾಣದ ಚೀಲಗಳಿವೆ. ಲೈಸೋಸೋಮ್ ಎಂದು ಹೆಸರು. ವಿಜ್ಞಾನಕ್ಕೆ ತಿಳಿದು ಹತ್ತು ವರ್ಷವಾಗಿದೆ, ಅಷ್ಟೆ. ಕೋಶದ ಸವೆದ ಭಾಗಗಳನ್ನು ನುಂಗಿ, ಕರಗಿಸಿ, ಹೊಸದು ಕಟ್ಟಲು ಬೇಕಾದ ಸಾಮಾನನ್ನು ಅವು ಹಿಂದಿರುಗಿಸುತ್ತವೆ. ಚೀಲ ಒಡೆದರೆ ಒಳಗಿನ ರಸ ಚೆಲ್ಲಿ ಕೋಶವನ್ನೇ ತಿನ್ನತೊಡಗುತ್ತದೆ. ಪ್ರಯೋಗಶಾಲೆಗೆ ಬೇಕಾದದ್ದು ಒಡೆಯದ ಚೀಲ; ಅದಕ್ಕೇ ಈಲಿ ಬೆಚ್ಚಗಾಗಲೂಬಾರದು, ಐಸಿನಂತೆ ಗಡ್ಡೆ ಕಟ್ಟಲೂಬಾರದು.

ಎರಡನೆಯದನ್ನು ಇವರಿಗೆ ಯಾರೂ ಹೇಳಿರಲಿಲ್ಲ.

ಹೋದ ವರ್ಷ, 1964ರ ಏಪ್ರಿಲ್. ಸುಬ್ಬಲಕ್ಷ್ಮಮ್ಮ ಎಂಬ ವಿದ್ಯಾರ್ಥಿನಿ ವರ್ಷಕ್ಕೂ ಹೆಚ್ಚು ಕಾಲ ಮೇವು ತೂಗಿ ಸಾಕಿದ್ದ ನಾಲ್ಕು ಕುರಿಗಳನ್ನು ಅಂದು ಮೊಹಮ್ಮದ್ ಅವರ ಅಂಗಡಿಯಲ್ಲಿ ಕೊಯ್ಯಿಸಲಾಯಿತು. ಮುಂಜಾವಿನಲ್ಲೇ ಸೆಕೆ. ಐಸು ಕರಗುತ್ತದೆಂದು ಹೆದರಿದ ಇವರು, ಐಸ್‌ಕ್ರೀಮ್ ಮಾಡುವವರಂತೆ ಅದಕ್ಕೆ ಎರಡು ಸೇರು ಉಪ್ಪು ಬೆರೆಸಿದರು. ಉಪ್ಪು ಬೆರೆತ ಐಸು ಇನ್ನಷ್ಟು ತಣ್ಣಗಾಗಿ, ಒಳಗಿಟ್ಟದ್ದನ್ನೂ ಗಡ್ಡೆ ಕಟ್ಟಿಸುತ್ತದೆ.

"ಒಳ್ಳೇದ್ ಮಾಡಾಣ ಅಂತ ಆಕ್ದೆ ಕಣ್ರೀ. ಎಬ್ಬಾಳದಾಗೆ ತೆಗುದ್ ನೋಡಿದ್ರೆ ಈಲಿ ಕಲ್ಲಾಗಿತ್ತು. ಬೈತಾರೆ ಅಂತ ನೀರ್ನಾಗಿಟ್ಟು ಮೆತ್ತುಗ್ ಮಾಡಿ ಕೊಟ್ಟುಬುಟ್ಟೆ."

ಗಡ್ಡೆ ಕಟ್ಟಿ ಕರಗುವಷ್ಟರಲ್ಲಿ ಚೀಲಗಳೆಲ್ಲ ಒಡೆದಿದ್ದವು. ಜೋರಾಗಿ ಅರೆದರೂ ಅವು ಒಡೆಯುತ್ತವೆ. ಆದ್ದರಿಂದ ಬೈಗುಳ ತಿಂದದ್ದು ಅರೆದ ಸುಬ್ಬಲಕ್ಷ್ಮಮ್ಮ.

"'ನನ್ ಕೈಯೇ ಒರಟು, ಆಂಜಿನಪ್ಪ' ಅಂತ ಕೈ ನೋಡ್ಕಂಡು ಅತ್ತುಬುಡ್ತು ಆ ಅಮ್ಮಣ್ಣಿ. ನಾನು ಪಕ್ಕದಾಗೇ ಗಾಜು ತೊಳೀತಾ ನಿಂತಿದ್ದೆ. ತೊಳ್ದಿದ್ದ ಗಾಜ್ನೇ ತಿರ್ಗಾ ತೊಳ್ದೆ."

ಆ ತಿಂಗಳೇ ಸುಬ್ಬಲಕ್ಷ್ಮಮ್ಮ ಸಂಶೋಧನೆ ಬಿಟ್ಟು ಹೋದರು. ಎಲ್ಲಿದ್ದಾರೋ ಇವರಿಗೆ ತಿಳಿಯದು. ಅಂದಿನಿಂದ ಮುನಿಆಂಜಿನಪ್ಪ ದಾರಿಯಲ್ಲಿ ಎರಡು ಸಲ ಸೈಕಲ್ ನಿಲ್ಲಿಸಿ, ಮುಚ್ಚಳ ತೆಗೆದು, ಈಲಿಯನ್ನು ಬೆರಳಿನಿಂದ ಒತ್ತಿ ನೋಡುತ್ತಾರೆ.

ಇದು ಪತ್ರಿಕೆಯಲ್ಲಿ ಅಚ್ಚಾದರೆ ನಿಮ್ಮ ಕೆಲಸ ಹೋದೀತು ಎಂದು ನಾನು ಎಚ್ಚರಿಸಿದರೆ ತಲೆ ಕೊಡವುತ್ತಾರೆ.

"ಓಗ್ಲಿ ಬುಡಿ. ನನ್ ಎಸ್ರು ಆಕೇ ಬರೀರಿ. ಎಲ್ಲಿದ್ರೂ ಪೇಪರ್ ಓದ್ತದೆ ಆ ಅಮ್ಮಣ್ಣಿ. ನಿಮ್ ಕೈ ಚೆನ್ನಾಗೇ ಐತೆ ಕಣಮ್ಮಾ, ಉಪ್ಪು ಆಕಿದ್ದು ನಾನು ಅಂತ ಬರೀರಿ."