ಆಟೋದಲ್ಲಿ ಖಾಲಿಯಾಗುತ್ತಿದ್ದ ಊಟದ ಡಬ್ಬಿ

"ಮೇಡಂ, ಒಂದ್ ಮಾತು ಹೇಳ್ಲಾ? ಪಾಪು ದಿನಾ ಮಧ್ಯಾಹ್ನದ ಊಟ ಮಾಡೋದು ನನ್ನ ಆಟೋದಲ್ಲೇ."

ನನ್ನ ಮಗಳನ್ನು ಸ್ಕೂಲಿಗೆ ಬಿಟ್ಟು ಕರೆತರುವ ಆಟೋದ ಮುನಿರಾಜು ಹೀಗಂದಾಗ ನಾನು ನಂಬಲಿಲ್ಲ. ಡಬ್ಬಿ ದಿನಾ ಖಾಲಿಯಾಗೇ ಬರ್ತಿತ್ತಲ್ಲ? (ನನ್ನ ಕೈರುಚಿ ಅಂತ ಚಾಮರಾಜಪೇಟೆ ತುಂಬಾ ಹೇಳಿಕೊಂಡು ಬಂದಿದ್ದೆ.)

ಮಗಳು ಅದಿತಿ ಮೂರನೇ ಕ್ಲಾಸು. ಕೂರಿಸಿಕೊಂಡು ಕೇಳಿದೆ.

"ಸ್ಕೂಲಲ್ಲಿ ಟೈಮ್ ಸಾಲಲ್ಲಮ್ಮ. ಹಾಗೇ ತಂದ್ರೆ ನೀನು ಬೈತೀಯ."

ನಿಜ, ಬೈದಿದ್ದೆ. ಸ್ಕೂಲ್ ಶುರುವಾದಾಗ ಡಬ್ಬಿ ಖಾಲಿಯಾಗದೆ ವಾಪಸ್ ಬಂದಾಗಲೆಲ್ಲ ಬೈದಿದ್ದೆ. ಯಾಕೆ ಅಂತ ಮಾತ್ರ ಕೇಳಿರಲಿಲ್ಲ.

ಮಾರನೇ ದಿನ ಪ್ರಿನ್ಸಿಪಾಲರ ಮುಂದೆ ಕೂತೆ. "ಇಪ್ಪತ್ತು ನಿಮಿಷ ಕೊಡ್ತೀವಿ ಮೇಡಂ. ಸಾಕಾಗತ್ತೆ. ನಿಮ್ಮ ಮಗಳು ಸ್ವಲ್ಪ ಸ್ಲೋ" ಅಂದರು.

"ಒಂದ್ಸಲ ನಾನೇ ನೋಡಬಹುದಾ?"

ಒಪ್ಪಿದರು. ಕ್ಲಾಸಿನ ಹಿಂದೆ ನಿಂತೆ. ಬೆಲ್ ಹೊಡೆದರೂ ಬೋರ್ಡಿನ ಮೇಲಿದ್ದ ಹೋಮ್‌ವರ್ಕ್ ಬರೆದು ಮುಗಿದಿರಲಿಲ್ಲ. ಆಮೇಲೆ ಕೈ ತೊಳೆಯಲು ಲೈನು. ಇಡೀ ಕ್ಲಾಸಿಗೆ ಎರಡೇ ನಲ್ಲಿ. ಎತ್ತರದ ಪ್ರಕಾರ ನಿಲ್ಲಬೇಕು, ಅದಿತಿ ಉದ್ದ, ಹಾಗಾಗಿ ಯಾವಾಗಲೂ ಕೊನೆ. ಅವಳು ಬಂದು ಡಬ್ಬಿ ತೆಗೆದಾಗ ಉಳಿದಿದ್ದು ಆರು ನಿಮಿಷ. ನಾಲ್ಕು ತುತ್ತು ತಿಂದಳು. ಬೆಲ್.

ಅಳಲಿಲ್ಲ, ಮುಖ ಸಪ್ಪೆ ಮಾಡಲಿಲ್ಲ. ಮುಚ್ಚಳ ಹಾಕಿ ಗಣಿತದ ಪುಸ್ತಕ ತೆಗೆದಳು. ಹಸಿವು ಅವಳಿಗೆ ಟೈಮ್‌ಟೇಬಲ್ಲಿನಲ್ಲಿ ಇನ್ನೊಂದು ಪೀರಿಯಡ್ ಆಗಿಬಿಟ್ಟಿತ್ತು.

ಕಂಡದ್ದನ್ನು ಹೋಗಿ ಹೇಳಿದೆ. "ಬೇರೆ ಯಾವ ಪೇರೆಂಟೂ ಕಂಪ್ಲೇಂಟ್ ಮಾಡಿಲ್ವಲ್ಲ?" ಅಂದರು ಪ್ರಿನ್ಸಿಪಾಲರು.

ಸರಿ, ಕೇಳೇಬಿಡೋಣ ಅಂತ ವಾರಪೂರ್ತಿ ಸಂಜೆ ಸ್ಕೂಲ್ ಗೇಟಿನಲ್ಲಿ ನಿಂತೆ. (ಆಫೀಸಿಗೆ ಪರ್ಮಿಷನ್ ಹಾಕಿ!) ಒಬ್ಬ ಅಜ್ಜಿ, "ನಮ್ಮ ಮೊಮ್ಮಗಳೂ ವ್ಯಾನಲ್ಲೇ ತಿಂತಾಳಮ್ಮ, ನಾನು ಸೊಸೆಗೆ ಹೇಳಿಲ್ಲ, ಬೈತಾಳೆ ಅಂತ" ಅಂದರು. ಒಬ್ಬೊಬ್ಬರೇ ಬಾಯಿಬಿಟ್ಟರು. ಶುಕ್ರವಾರ ಹದಿಮೂರು ಜನ ಒಟ್ಟಿಗೆ ಒಳಗೆ ಹೋದೆವು.

ಪ್ರಿನ್ಸಿಪಾಲರು ಸಿಲಬಸ್ ಅಂದರು, ಡಿಸಿಪ್ಲಿನ್ ಅಂದರು. ನಾನು ಅಂದೆ, "ಜಗಳಕ್ಕೆ ಬಂದಿಲ್ಲ ಮೇಡಂ. ಸೋಮವಾರ ನೀವೂ ಲೈನಿನ ಕೊನೇಲಿ ನಿಂತು ಕೈ ತೊಳೆದು, ಮಕ್ಕಳ ಜೊತೆ ಕೂತು ಊಟ ಮಾಡಿ. ಮುಗಿದ್ರೆ ನಾವ್ಯಾರೂ ಮತ್ತೆ ಬರಲ್ಲ."

ಅವರು "ಆಗಲಿ" ಅಂದರು. ದೊಡ್ಡತನ ಅಂದರೆ ಅದೇ. ಸೋಮವಾರ ಅದಿತಿಯ ಹಿಂದೆ ನಿಂತರಂತೆ. ಅವರ ಮೊಸರನ್ನ ಅರ್ಧ ಆಗುವಷ್ಟರಲ್ಲಿ ಬೆಲ್ ಆಯಿತಂತೆ. "ಪ್ರಿನ್ಸಿಪಾಲ್ ಮಿಸ್ ಎದ್ದೇಳಲೇ ಇಲ್ಲಮ್ಮ! ಎಲ್ಲರೂ ತಿನ್ನಿ ಅಂದ್ರು" ಅಂತ ಮಗಳು ಕುಣಿದಳು.

ಈಗ ಊಟಕ್ಕೆ ನಲವತ್ತು ನಿಮಿಷ. ಹೋಮ್‌ವರ್ಕ್ ಬರೆಯೋದು ಬೆಲ್‌ಗೆ ಮುಂಚೆ. ನಲ್ಲಿ ಇನ್ನೂ ಎರಡೇ ಇವೆ, ಅದನ್ನೂ ಬಿಡುವುದಿಲ್ಲ.

ನಿನ್ನೆ ಪೇರೆಂಟ್ಸ್ ಗ್ರೂಪಿನಲ್ಲಿ ಒಬ್ಬ ಅಪ್ಪ ಬರೆದಿದ್ದರು: "ಊಟಕ್ಕೇ ಇಷ್ಟು ಟೈಮ್ ವೇಸ್ಟ್ ಮಾಡಿದ್ರೆ ಪೋರ್ಷನ್ ಮುಗಿಯೋದು ಹೇಗೆ?"

ಸಾರ್, ಆಫೀಸಲ್ಲಿ ನೀವು ಊಟಕ್ಕೆ ಎದ್ದರೆ ಸೀಟಿಗೆ ಬರೋದು ಎಷ್ಟು ಹೊತ್ತಿಗೆ?